ಪಾದಯಾತ್ರೆಯ ತಯಾರಿ: ದಣಿವು ಮತ್ತು ಕಾಲುನೋವಿನ ಬಗ್ಗೆ



ಅರಿಶಿನದ ನಾಟಿ ಮುಗಿಯಿತು. ರಾಗಿ ಬಿತ್ತನೆಗೆ ಹೊಲ ಹದವಾಗುತ್ತಿದೆ. ಈ ಕೆಲಸಗಳ ನಡುವೆಯೇ ನಮ್ಮ ತಾಳವಾಡಿ ಸೀಮೆಯ ಮನೆಗಳಲ್ಲಿ ಇನ್ನೊಂದು ಮಾತು ಶುರುವಾಗಿದೆ. ಈ ವರ್ಷ ವೇಲಾಂಕಣ್ಣಿಗೆ ನಡೆದು ಹೋಗುವವರು ಯಾರು ಯಾರು? ಆಗಸ್ಟ್ ೨೯ರಂದು ಅಲ್ಲಿ ಧ್ವಜಾರೋಹಣ, ಸೆಪ್ಟೆಂಬರ್ ೮ರಂದು ಮಾತೆಯ ಹಬ್ಬ. ನಮ್ಮವರು ಬೆಟ್ಟವನ್ನು ಗಾಡಿಯಲ್ಲಿ ಇಳಿಯುತ್ತಾರೆ. ದಿಂಬಂ ಘಾಟಿಯ ೨೭ ತಿರುವುಗಳು ಹುಲಿ ಸಂರಕ್ಷಿತ ಕಾಡಿನೊಳಗಿವೆ, ಅಲ್ಲಿ ಕಾಲ್ನಡಿಗೆ ಸಲ್ಲದು. ಸತ್ಯಮಂಗಲದಿಂದ ನಡಿಗೆ ಶುರು. ಈರೋಡು, ಕರೂರು, ತಿರುಚ್ಚಿ, ತಂಜಾವೂರು, ನಾಗಪಟ್ಟಣ ದಾಟಿ ಹೋಗುವ ಆ ದಾರಿ ೩೦೦ ಕಿ.ಮೀ.ಗೂ ಮಿಕ್ಕಿದ್ದು. ದಿನಕ್ಕೆ ಇಪ್ಪತ್ತೈದು ಮೂವತ್ತು ಕಿ.ಮೀ.ಯಂತೆ ಹನ್ನೆರಡು ಹದಿಮೂರು ದಿನ ಟಾರು ರಸ್ತೆಯಲ್ಲಿ ನಡೆಯಬೇಕು.

ಹೊರಡುವುದು ಆಗಸ್ಟ್ ಕೊನೆಗಾದರೂ ತಯಾರಿ ಈಗಲೇ ಆಗಬೇಕು. ಆದ್ದರಿಂದಲೇ ಈ ತಿಂಗಳ ಕೃಷಿ–ಆರೋಗ್ಯ ಪುಟವನ್ನು ಕಾಲುನೋವಿಗೂ ದಣಿವಿಗೂ ಮೀಸಲಿಟ್ಟಿದ್ದೇವೆ. ಇದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇವೆ.

೨೦೨೩ರಲ್ಲಿ ನಡೆದದ್ದು

ಆ ವರ್ಷ ನಮ್ಮ ಗುಂಪಿನಲ್ಲಿ ಹೊರಟವರಲ್ಲಿ ಒಬ್ಬ ರೈತರಿದ್ದರು. ನಲವತ್ತೈದರ ಆಸುಪಾಸಿನ ವಯಸ್ಸು, ಗಟ್ಟಿ ಆಳು. ಹೆಂಡತಿಯ ಆಪರೇಷನ್ ಸುಸೂತ್ರವಾಗಿ ಆದರೆ ನಡೆದು ಬರುತ್ತೇನೆ, ದಾರಿಯುದ್ದಕ್ಕೂ ಒಂದೇ ಹೊತ್ತು ಉಣ್ಣುತ್ತೇನೆ ಎಂದು ಮಾತೆಗೆ ಹರಕೆ ಹೊತ್ತಿದ್ದರು. ಜೂನ್‌ನಿಂದ ಸ್ವಲ್ಪ ಸ್ವಲ್ಪ ನಡೆದು ಅಭ್ಯಾಸ ಮಾಡಿಕೊಳ್ಳಿ ಎಂದಾಗ ನಕ್ಕುಬಿಟ್ಟರು. "ಹೊಲದಲ್ಲಿ ದುಡಿಯೋ ಕಾಲು ಇದು ಸ್ವಾಮಿ, ಇದಕ್ಕೆ ನಡೆಯೋದನ್ನೂ ಕಲಿಸಬೇಕಾ?" ಎಂದರು. ನಾವೂ ನಕ್ಕು ಸುಮ್ಮನಾದೆವು. ಹೊರಡುವ ಹಿಂದಿನ ರಾತ್ರಿಯೂ ಅವರು ಬಾಳೆ ತೋಟದ ಅಟ್ಟಣೆಯಲ್ಲಿ ಆನೆ ಕಾಯುತ್ತಿದ್ದರು.

ಹೊರಡುವ ದಿನದ ಪೂಜೆಯಲ್ಲಿ ನಾವು ಪ್ರಬೋಧನೆ ಮಾಡಿದೆವು. ದಾರಿಯ ಒಂದೊಂದು ನೋವೂ ಮಾತೆಯ ಪಾದಕ್ಕಿಟ್ಟ ಒಂದೊಂದು ಹೂವು ಎಂದು ಹೇಳಿದೆವು. ಎಲ್ಲರೂ ತಲೆಯಾಡಿಸಿದರು. ಅವರು ಅದನ್ನು ಹೃದಯದಲ್ಲಿಟ್ಟುಕೊಂಡರು.

ಮೂರನೆಯ ದಿನ ತೊಡೆ, ಮೀನಖಂಡ ಎರಡೂ ಕಲ್ಲಿನಂತಾದವು. ಯಾರಿಗೂ ಹೇಳಲಿಲ್ಲ. ದಾರಿಯ ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಂಡು ಬರಿ ಹೊಟ್ಟೆಗೆ ದಿನಕ್ಕೆ ಮೂರು ನುಂಗಿದರು. ಮೂತ್ರಕ್ಕೆ ಪದೇ ಪದೇ ನಿಂತರೆ ಗುಂಪು ಮುಂದೆ ಹೋಗುತ್ತದೆಂದು ನೀರನ್ನೂ ಕಡಿಮೆ ಮಾಡಿದರು. ಐದನೆಯ ದಿನ ಕರೂರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಕುಳಿತವರು ಏಳಲಾಗಲಿಲ್ಲ. ಮೂತ್ರ ಹಾಲಿಲ್ಲದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಗೆ ಸೇರಿಸಿದೆವು. ದಣಿದ ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿದೆ, ಅದು ಮೂತ್ರಪಿಂಡವನ್ನು ಕಟ್ಟುತ್ತಿದೆ, ಮಾತ್ರೆ ಮತ್ತು ನೀರಿನ ಕೊರತೆ ಅದಕ್ಕೆ ಇನ್ನಷ್ಟು ಏಟು ಕೊಟ್ಟಿವೆ ಎಂದರು ಡಾಕ್ಟರು. ಆರು ದಿನ ಸಲೈನ್ ಏರಿಸಿದರು. ದೇವರ ದಯೆ, ಮೂತ್ರಪಿಂಡ ಉಳಿಯಿತು. ಆದರೆ ಅವರು ಅಳುತ್ತಿದ್ದದ್ದು ನೋವಿಗಲ್ಲ. "ಹರಕೆ ಮುರಿದುಹೋಯ್ತಲ್ಲ ಸ್ವಾಮಿ" ಎಂದು.

ಆ ತಪ್ಪಿನಲ್ಲಿ ನಮ್ಮ ಪಾಲೂ ಇತ್ತು. ತಾನಾಗಿ ಬಂದ ನೋವನ್ನು ದೇವರಿಗೆ ಒಪ್ಪಿಸುವುದು ಬೇರೆ, ತಡೆಯಬಹುದಾದ ಕೇಡನ್ನು ಮುಚ್ಚಿಟ್ಟುಕೊಳ್ಳುವುದು ಬೇರೆ. ಈ ವ್ಯತ್ಯಾಸವನ್ನು ಅಂದು ನಾವು ಬಿಡಿಸಿ ಹೇಳಲಿಲ್ಲ. ಇಂದು ಹೇಳುತ್ತಿದ್ದೇವೆ.

ದುಡಿಯುವ ಕಾಲಿಗೂ ತಯಾರಿ ಏಕೆ?

ಹೋರಿಯನ್ನು ಪಳಗಿಸುವುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಹೊಸ ಹೋರಿಯನ್ನು ಮೊದಲ ದಿನವೇ ಹೊತ್ತು ಮುಳುಗುವ ತನಕ ಯಾರೂ ಉಳುವುದಿಲ್ಲ. ಹಳೆಯ ಎತ್ತಿನ ಜೊತೆ ನೊಗಕ್ಕೆ ಕಟ್ಟಿ, ನಾಲ್ಕು ಸಾಲು ಹೊಡೆದು, ಬಿಚ್ಚಿ, ಮೈ ತಟ್ಟಿ, ಮೇವು ಹಾಕುತ್ತೇವೆ. ಹೋರಿಗೆ ಶಕ್ತಿ ಇಲ್ಲವೆಂದಲ್ಲ. ಆ ಕೆಲಸ ಅದರ ಹೆಗಲಿಗೆ ಹೊಸದು.

ನಮ್ಮ ಕಾಲುಗಳೂ ಹಾಗೆಯೇ. ಕಳೆ ಕೀಳುವಾಗ ಬಗ್ಗುತ್ತೇವೆ, ಕೂರುತ್ತೇವೆ, ನಿಲ್ಲುತ್ತೇವೆ, ನೆರಳಿಗೆ ಹೋಗುತ್ತೇವೆ. ಕಾಲ ಕೆಳಗೆ ಮೆತ್ತನೆಯ ಮಣ್ಣು. ಪಾದಯಾತ್ರೆಯಲ್ಲಾದರೋ ಗಟ್ಟಿ ರಸ್ತೆಯ ಮೇಲೆ ಒಂದೇ ಬಗೆಯ ಹೆಜ್ಜೆ ದಿನಕ್ಕೆ ಹತ್ತಾರು ಸಾವಿರ ಸಲ ಬೀಳುತ್ತದೆ. ಉಸಿರಿನ ಶಕ್ತಿ ಬೇಗ ಬರುತ್ತದೆ, ಮಾಂಸಖಂಡ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಮೂಳೆಗೂ ನರಹುರಿಗೂ ಅದಕ್ಕಿಂತ ಹೆಚ್ಚು ಕಾಲ ಬೇಕು. ಮನಸ್ಸು ನಡೆಯಬಲ್ಲೆ ಎನ್ನುವಾಗ ಮೂಳೆ ಇನ್ನೂ ತಯಾರಾಗಿರುವುದಿಲ್ಲ.

ಕಾಲು ನೋಯುವುದು ಏಕೆ?

ಹೆಚ್ಚು ನಡೆದರೆ ಕಾಲಿನಲ್ಲಿ ಆಮ್ಲ ಕಟ್ಟಿಕೊಂಡು ನೋಯುತ್ತದೆ ಎಂಬ ಮಾತು ಶಾಲೆಯ ಆಟದ ಮೇಷ್ಟ್ರಿಂದ ಹಿಡಿದು ಎಲ್ಲರ ಬಾಯಲ್ಲೂ ಇದೆ. ಓಡುವಾಗ ಲ್ಯಾಕ್ಟಿಕ್ ಆಮ್ಲ ಹುಟ್ಟುವುದು ನಿಜ. ಆದರೆ ಓಟ ನಿಂತ ಒಂದು ಗಂಟೆಯ ಹೊತ್ತಿಗೆ ಅದು ಬಹುಮಟ್ಟಿಗೆ ಕರಗಿಹೋಗಿರುತ್ತದೆ. ಮರುದಿನ, ಅದರ ಮರುದಿನ ಕಾಡುವ ನೋವಿಗೆ ಅದು ಕಾರಣವಲ್ಲ. ರೂಢಿಯಿಲ್ಲದ ಕೆಲಸದಲ್ಲಿ ಮಾಂಸದ ಎಳೆಗಳು ಬಹಳ ಸಣ್ಣದಾಗಿ ಹರಿಯುವುದರಿಂದ ಆ ನೋವು ಬರುತ್ತದೆ ಎಂದು ಅಮೆರಿಕದ ಥಿಯೋಡೋರ್ ಹಫ್ ಎಂಬ ವಿಜ್ಞಾನಿ ೧೯೦೨ರಷ್ಟು ಹಿಂದೆಯೇ ಬರೆದಿದ್ದರು.

ಇಳಿಜಾರಿನಲ್ಲಿ ಇದು ಹೆಚ್ಚು. ಬೆಟ್ಟದ ಹೊಲದಿಂದ ಹೊರೆ ಹೊತ್ತು ಇಳಿದ ಮರುದಿನ ತೊಡೆ ಹಿಡಿದುಕೊಳ್ಳುವುದನ್ನು ನೀವೆಲ್ಲ ಅನುಭವಿಸಿದ್ದೀರಿ. ಹತ್ತುವಾಗ ದಣಿವು ಹೆಚ್ಚು, ಇಳಿಯುವಾಗ ನೋವು ಹೆಚ್ಚು. ಇಳಿಯುವಾಗ ತೊಡೆಯ ಮಾಂಸ ಮೈಭಾರವನ್ನು ತಡೆಯುತ್ತಲೇ ಎಳೆದುಕೊಳ್ಳುತ್ತದೆ, ಅದೇ ಕಾರಣ.

ಈ ನೋವು ನಡೆದ ದಿನ ಅಷ್ಟಾಗಿ ತಿಳಿಯುವುದಿಲ್ಲ. ಒಂದರಿಂದ ಮೂರು ದಿನದೊಳಗೆ ಹೆಚ್ಚಾಗಿ, ಐದಾರು ದಿನದಲ್ಲಿ ತಾನಾಗಿ ಇಳಿಯುತ್ತದೆ. ಹರಿದ ಎಳೆ ಕೂಡಿಕೊಳ್ಳುವಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ಆದರೆ ಆ ಗಟ್ಟಿತನ ಬರುವುದು ನಡೆಯುವಾಗಲ್ಲ, ಬಿಡುವಿನಲ್ಲಿ, ನಿದ್ದೆಯಲ್ಲಿ. ಬಿಡುವನ್ನು ಕದ್ದರೆ ಅಭ್ಯಾಸ ದಂಡ.

ಅಭ್ಯಾಸದ ಕ್ರಮ

ಹೊಲದ ಕೆಲಸ ನೋಡಿಕೊಂಡೇ ಮಾಡಬಹುದಾದ ಒಂದು ಕ್ರಮ ಹೀಗಿದೆ.

ವಾರಕ್ಕೆ ಮೂರು ದಿನ ಸಾಕು. ಎರಡು ದಿನ ೪–೫ ಕಿ.ಮೀ., ಒಂದು ದಿನ, ಭಾನುವಾರದ ಪೂಜೆಯ ನಂತರವೆನ್ನಿ, ಸ್ವಲ್ಪ ಉದ್ದದ ನಡಿಗೆ. ಈ ಉದ್ದದ ನಡಿಗೆ ಮೊದಲ ವಾರ ೮ ಕಿ.ಮೀ., ಆಮೇಲೆ ೧೦, ೧೨. ನಾಲ್ಕನೆಯ ವಾರ ಮತ್ತೆ ೮ಕ್ಕೆ ಇಳಿಸಿ. ಭೂಮಿಗೆ ಬೀಡು ಬಿಟ್ಟಂತೆ ಕಾಲಿಗೂ ಒಂದು ಹಗುರ ವಾರ. ನಂತರ ೧೪, ೧೬, ೧೮, ಮತ್ತೆ ೧೨. ಆಗಸ್ಟ್ ನಡುವಿನ ಹೊತ್ತಿಗೆ ೨೦–೨೨ ಕಿ.ಮೀ. ಸಲೀಸಾಗಿ ನಡೆಯುವಂತಾದರೆ ಸಾಕು. ಹೊರಡುವ ಹಿಂದಿನ ವಾರ ಹೆಚ್ಚು ನಡೆಯಬೇಡಿ.

ನಾಟಿ, ಕಳೆ, ಗೊಬ್ಬರ ಹೊರುವ ಕೆಲಸ ಬಲವಾಗಿದ್ದ ದಿನ ಬೇರೆ ನಡಿಗೆ ಬೇಡ. ಆ ದಿನದ ಅಭ್ಯಾಸ ಅದೇ ಎಂದು ಲೆಕ್ಕ ಹಾಕಿಕೊಳ್ಳಿ.

ನಡಿಗೆಯ ವೇಗಕ್ಕೆ ಗಡಿಯಾರ ಬೇಕಿಲ್ಲ, ಜಪಸರ ಸಾಕು. ಗಟ್ಟಿಯಾಗಿ ಜಪ ಹೇಳುತ್ತಾ ನಡೆಯಿರಿ. ಒಂದು ಜಪವನ್ನು ನಡುವೆ ಏದುಸಿರಿಲ್ಲದೆ ಮುಗಿಸಲಾದರೆ ವೇಗ ಸರಿಯಾಗಿದೆ. ಮಾತು ತುಂಡಾಗುತ್ತಿದ್ದರೆ ನಿಧಾನಿಸಿ.

ಆನೆ ಕಾಯುವವರಿಗೆ ಒಂದು ಮಾತು. ರಾತ್ರಿಯಿಡೀ ಅಟ್ಟಣೆಯಲ್ಲಿ ಕೂತು ಬೆಳಿಗ್ಗೆ ಹತ್ತು ಮೈಲಿ ನಡೆಯಲು ಹೋಗಬೇಡಿ. ದೊಡ್ಡವರಿಗೂ ರಾತ್ರಿಗೆ ಏಳು ಗಂಟೆಯ ನಿದ್ದೆ ಬೇಕು. ಕಾವಲಿದ್ದ ಮರುದಿನ ಮಲಗಿ, ನಡಿಗೆಯನ್ನು ಮುಂದಕ್ಕೆ ಹಾಕಿ. ಪಾದಯಾತ್ರೆಗೆ ಹೋಗುವವರ ಮನೆಯ ಕಾವಲಿನ ಸರದಿಯನ್ನು ಕಡೆಯ ಒಂದು ವಾರವಾದರೂ ಅಕ್ಕಪಕ್ಕದ ಹೊಲದವರು ಹಂಚಿಕೊಂಡರೆ, ನಡೆಯದೆಯೇ ಯಾತ್ರೆಯಲ್ಲಿ ಪಾಲು ಪಡೆದಂತಾಗುತ್ತದೆ.

ನೋವಿಗೆ ಏನು ಮಾಡಬೇಕು?

ಸಾಮಾನ್ಯ ಮೈಕೈ ನೋವಿಗೆ ಪೂರ್ತಿ ಮಲಗುವುದಕ್ಕಿಂತ ಮರುದಿನ ಹತ್ತು ಹದಿನೈದು ನಿಮಿಷ ಮೆಲ್ಲಗೆ ಓಡಾಡುವುದು ಒಳ್ಳೆಯದು. ಬಿಸಿನೀರಿನ ಸ್ನಾನ, ಎಣ್ಣೆ ಹಚ್ಚಿ ಮೆಲ್ಲನೆ ನೀವುವುದು ಹಿತ ಕೊಡುತ್ತವೆ. ಕಟ್ಟಿಗೆ ಮುರಿದಂತೆ ಒತ್ತುವುದು ಬೇಡ. ಕಾಲು ಎಳೆದು ಚಾಚುವ ಕಸರತ್ತಿನಿಂದ ಹಿತವೆನಿಸಬಹುದು, ಆದರೆ ಮರುದಿನದ ನೋವನ್ನು ಅದು ಹೆಚ್ಚೇನೂ ತಡೆಯದು. ಮಲಗುವಾಗ ಕಾಲಡಿಗೆ ದಿಂಬು ಇಟ್ಟುಕೊಂಡರೆ ಊತ ಇಳಿಯುತ್ತದೆ.

ನೋವಿನ ಮಾತ್ರೆಯನ್ನು ಮಿಠಾಯಿಯಂತೆ ನುಂಗಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳು ಬರಿ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು. ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಬಿ.ಪಿ., ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಅದಕ್ಕಿಂತ ಮುಖ್ಯವಾಗಿ, ಮಾತ್ರೆ ನೋವನ್ನು ಮುಚ್ಚುತ್ತದೆ, ಗಾಯವನ್ನಲ್ಲ. ನಾಯಿ ಬೊಗಳುವುದೆಂದು ಬಾಯಿ ಕಟ್ಟಿದರೆ ಕಳ್ಳ ಹೋಗುವನೇ?

ಕೆಳಗಿನ ಲಕ್ಷಣ ಕಂಡರೆ ನಡೆಯುವುದನ್ನು ಅಲ್ಲೇ ನಿಲ್ಲಿಸಿ ಡಾಕ್ಟರ ಬಳಿ ಹೋಗಬೇಕು:

೧. ಮೂತ್ರ ಕಡು ಕಂದು ಅಥವಾ ಕಾಫಿಯ ಬಣ್ಣಕ್ಕೆ ತಿರುಗಿದರೆ.
೨. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ. ಇದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಉಜ್ಜಲೇಬಾರದು.
೩. ಮುಂಗಾಲ ಮೂಳೆಯ ಮೇಲೆ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವಿದ್ದು, ನಡೆದಂತೆ ಹೆಚ್ಚಾದರೆ, ರಾತ್ರಿಯೂ ಕಾಡಿದರೆ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು.
೪. ಎದೆನೋವು, ಉಸಿರು ಕಟ್ಟುವುದು, ತಲೆಸುತ್ತಿ ಬೀಳುವುದು, ಮಾತು ತಡವರಿಸುವುದು.

ಮೂರನೆಯದನ್ನು ಪೊಲೀಸ್ ಕೆಲಸಕ್ಕೂ ಸೈನ್ಯಕ್ಕೂ ಸೇರಲು ಮುಂಜಾನೆ ಓಡುವ ನಮ್ಮ ಹುಡುಗರೂ ಓದಿಕೊಳ್ಳಬೇಕು. ಆಯ್ಕೆಯ ದಿನ ಹತ್ತಿರವಾಯಿತೆಂದು ದಿನವೂ ಟಾರು ರಸ್ತೆಯಲ್ಲಿ ಪೂರ್ತಿ ವೇಗದಲ್ಲಿ ಓಡಿದರೆ ಈ ಬಿರುಕೇ ಬರುವುದು. ವಾರದಲ್ಲಿ ಒಂದೆರಡು ದಿನ ಮಾತ್ರ ಜೋರು ಓಟ, ಉಳಿದ ದಿನ ಮಣ್ಣಿನ ಹಾದಿಯಲ್ಲಿ ನಿಧಾನದ ಓಟ, ಒಂದು ದಿನ ಪೂರ್ತಿ ಬಿಡುವು ಇರಲಿ.

ಮೈಗಿಂತ ರಕ್ತ ದಣಿದಿದ್ದರೆ?

ಕೆಲವರಿಗೆ ಎಷ್ಟು ಮಲಗಿದರೂ ದಣಿವು ಹೋಗದು. ಸ್ವಲ್ಪ ಏರು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ. ಮನೆಯ ಹೆಣ್ಣುಮಕ್ಕಳು ಹೀಗೆಂದಾಗ ಸೋಮಾರಿತನ ಎನ್ನಬೇಡಿ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ ಇದೆ. ಪಾದಯಾತ್ರೆಗೆ ಹೊರಡುವ ಅಕ್ಕಂದಿರೆಲ್ಲ ಈ ತಿಂಗಳೇ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಹೆಂಗಸರಿಗೆ ೧೨, ಗಂಡಸರಿಗೆ ೧೩ ಗ್ರಾಮಿಗಿಂತ ಕಡಿಮೆ ಇರಬಾರದು. ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆಯಿಂದ ಅದನ್ನು ಏರಿಸಲು ಎರಡು ಮೂರು ತಿಂಗಳು ಬೇಕು. ಅದಕ್ಕೇ ಜೂನ್‌ನಲ್ಲಿ ಹೇಳುತ್ತಿದ್ದೇವೆ.

ಹಿತ್ತಲಿನ ನುಗ್ಗೆಸೊಪ್ಪು, ದಂಟಿನ ಸೊಪ್ಪು, ಹುರುಳಿಕಾಳು ಊಟದಲ್ಲಿರಲಿ. ಮೇಲೆ ನಿಂಬೆರಸ ಹಿಂಡಿದರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಹತ್ತುವುದಿಲ್ಲ, ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಬರಿಗಾಲಲ್ಲಿ ಹೊಲಕ್ಕೆ ಹೋಗುವವರ ಪಾದದಿಂದ ಕೊಕ್ಕೆಹುಳು ಒಳಸೇರಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಚಪ್ಪಲಿ ಹಾಕಿಕೊಳ್ಳುವುದೂ ರಕ್ತ ಉಳಿಸುವ ದಾರಿ.

ಅನ್ನ, ನೀರು, ಪಾದ

ನಡೆಯಲು ಬೇಕಾದ ಶಕ್ತಿಯ ದಾಸ್ತಾನು ಮಾಂಸಖಂಡದಲ್ಲೂ ಪಿತ್ತಜನಕಾಂಗದಲ್ಲೂ ಇರುತ್ತದೆ. ದಿನವಿಡೀ ನಡೆದರೆ ಅದು ಬರಿದಾಗುತ್ತದೆ. ರಾಗಿ ಮುದ್ದೆ, ಅನ್ನ, ಬಾಳೆಹಣ್ಣು ಅದನ್ನು ತುಂಬುತ್ತವೆ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ, ಮೂಳೆಗೆ ಒಳ್ಳೆಯದು. ಹರಿದ ಎಳೆ ಕೂಡಲು ಕಾಳು, ಮೊಟ್ಟೆ, ಮೊಸರು ಬೇಕು. ನಡಿಗೆ ಮುಗಿಸಿ ಬಂದ ಒಂದು ಗಂಟೆಯೊಳಗೆ ಏನಾದರೂ ತಿನ್ನಿ.

ನೀರನ್ನು ಬಾಯಾರಿಕೆ ನೋಡಿಕೊಂಡು ಕುಡಿಯಿರಿ. ಮೂತ್ರ ತಿಳಿ ಹಳದಿಯಿದ್ದರೆ ಸರಿ. ಬಹಳ ಬೆವರಿದಾಗ ಬರೀ ನೀರನ್ನೇ ಕೊಡಗಟ್ಟಲೆ ಕುಡಿಯುವುದೂ ಅಪಾಯ, ರಕ್ತದ ಉಪ್ಪು ಇಳಿದುಹೋಗುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಮಮಟ್ಟಕ್ಕೆ ಅಳೆದು ಕಲಸಿಕೊಳ್ಳಿ. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಆಗುತ್ತದೆ.

ಹೊಸ ಚಪ್ಪಲಿ, ಹೊಸ ಶೂ ಹಾಕಿ ಹೊರಡಬೇಡಿ. ಈಗಲೇ ಕೊಂಡು ಅಭ್ಯಾಸದಲ್ಲಿ ಪಳಗಿಸಿ. ಮುಂದೆ ಒಂದು ಹೆಬ್ಬೆರಳಿನ ಜಾಗ ಬಿಟ್ಟಿರಲಿ, ನಡೆದಂತೆ ಪಾದ ಊದುತ್ತದೆ. ಬೊಬ್ಬೆ ಎದ್ದರೆ ಮೇಲಿನ ಚರ್ಮ ಕಿತ್ತುಹಾಕದೆ ತೊಳೆದು ಬಟ್ಟೆ ಕಟ್ಟಿ. ಸಕ್ಕರೆ ಕಾಯಿಲೆಯವರಿಗೆ ಪಾದದ ಅರಿವು ಕಡಿಮೆ, ಗಾಯವಾದದ್ದೇ ತಿಳಿಯದು. ಅವರು ಬರಿಗಾಲಲ್ಲಿ ನಡೆಯುವ ಹರಕೆ ಹೊರಲೇಬಾರದು. ದಿನವೂ ಸಂಜೆ ಜೊತೆಯವರಿಂದ ಅಂಗಾಲು ನೋಡಿಸಿಕೊಳ್ಳಬೇಕು.

ಹರಕೆಯ ಮಾತು

ಈಗ ಮುಖ್ಯ ವಿಷಯ. ಕೈಲಾಗದ ಹರಕೆ ಹೊತ್ತು ಒಳಗೊಳಗೇ ಹೆದರುವವರು ನಮ್ಮಲ್ಲಿದ್ದಾರೆ. ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಒಬ್ಬರು ಸ್ವಂತವಾಗಿ ಹೊತ್ತ ಹರಕೆಯಿಂದ ನ್ಯಾಯವಾದ ಕಾರಣವಿದ್ದರೆ ಅವರನ್ನು ಬಿಡುಗಡೆ ಮಾಡಲು, ಅದನ್ನು ಹಗುರವಾದ ಬೇರೊಂದು ಸತ್ಕಾರ್ಯಕ್ಕೆ ಬದಲಿಸಲು ಧರ್ಮಕೇಂದ್ರದ ಗುರುವಿಗೆ ಅಧಿಕಾರವಿದೆ. ಅಷ್ಟೇ ಒಳ್ಳೆಯ ಅಥವಾ ಅದಕ್ಕಿಂತ ಒಳ್ಳೆಯ ಕಾರ್ಯಕ್ಕಾದರೆ ಹರಕೆ ಹೊತ್ತವರೇ ಬದಲಿಸಿಕೊಳ್ಳಬಹುದು. ಉಪವಾಸದ ಕಟ್ಟಳೆಯನ್ನೂ ಧರ್ಮಸಭೆ ರೋಗಿಗಳ ಮೇಲೆ ಹೇರಿಲ್ಲ. ನಮ್ಮ ಬಳಿ ಬನ್ನಿ, ಕೇಳಿ. ನಾಚಿಕೆ ಬೇಡ.

ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತು. ರಾಣಿಗೆ ಹೆದರಿ ಅಡವಿಗೆ ಓಡಿ, ದಣಿದು, ಒಂದು ಗಿಡದ ಬುಡದಲ್ಲಿ ಬಿದ್ದು, ಸಾವೇ ಬರಲಿ ಎಂದು ಬೇಡಿಕೊಂಡ. ದೇವರು ಅವನಿಗೆ ವಿಶ್ವಾಸ ಸಾಲದೆಂದು ಗದರಲಿಲ್ಲ. ನಿದ್ದೆ ಮಾಡಲು ಬಿಟ್ಟರು. ದೂತನನ್ನು ಕಳಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಕುಡಿಕೆ ನೀರು ಕೊಟ್ಟರು. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದರು. ದಾರಿ ಅವನ ಶಕ್ತಿಗೆ ಮೀರಿದ್ದೆಂದು ದೇವರಿಗೆ ತಿಳಿದಿತ್ತು. ಆಮೇಲೆ ಅವನು ನಲವತ್ತು ಹಗಲು ನಲವತ್ತು ರಾತ್ರಿ ನಡೆದು ಹೋರೇಬ್ ಬೆಟ್ಟ ಸೇರಿದ. ನಿದ್ದೆ, ಅನ್ನ, ನೀರು, ಮತ್ತೆ ನಿದ್ದೆ. ದಣಿದ ಕಾಲಿಗೆ ಡಾಕ್ಟರು ಇಂದು ಹೇಳುವ ಮದ್ದೂ ಇದೇ.

ಆ ರೈತ ಸಹೋದರರ ಒಂದೇ ಹೊತ್ತಿನ ಊಟದ ಹರಕೆಯನ್ನು ನಾವು ಬದಲಿಸಿ, ವಾರಕ್ಕೊಮ್ಮೆ ಕಾಯಿಲೆಯವರೊಬ್ಬರನ್ನು ನೋಡಿ ಬರುವಂತೆ ಹೇಳಿದೆವು. ಡಾಕ್ಟರ ಒಪ್ಪಿಗೆ ಪಡೆದು ೨೦೨೪ರ ಜೂನ್‌ನಿಂದ ಅವರು ಹೆಂಡತಿಯ ಜೊತೆ ಮೆಲ್ಲಗೆ ನಡೆಯತೊಡಗಿದರು. ಸೆಪ್ಟೆಂಬರ್‌ನಲ್ಲಿ ತಂಜಾವೂರಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹೊತ್ತುಹೊತ್ತಿಗೆ ಉಂಡು, ನೆರಳು ಕಂಡಲ್ಲಿ ಕೂತು, ನಡೆದು ಮಾತೆಯ ಸನ್ನಿಧಿ ಸೇರಿದರು. ಹಿಂದಿರುಗಿ ಬಂದು ನಮಗೆ ಹೇಳಿದ್ದು ಒಂದೇ ಮಾತು: "ಈ ಸಲ ದಾರಿ ಕಣ್ಣಿಗೆ ಬಿತ್ತು ಸ್ವಾಮಿ. ಹೋದ ಸಲ ಬರೀ ಕಾಲೇ ಕಾಣ್ತಿತ್ತು."

ಈ ವರ್ಷ ಹೊರಡುವ ನೀವೆಲ್ಲರೂ ಹಾಗೆಯೇ ನಡೆದು, ಹಾಗೆಯೇ ಕ್ಷೇಮವಾಗಿ ಮರಳಿ ಬರುವಂತೆ ಆರೋಗ್ಯಮಾತೆ ನಿಮಗಾಗಿ ಪ್ರಾರ್ಥಿಸಲಿ. ನೋವಾದರೆ ದೇವರಿಗೆ ಒಪ್ಪಿಸಿ, ಪಕ್ಕದಲ್ಲಿ ನಡೆಯುವವರಿಗೂ ಹೇಳಿ.